ಸಾರಂಗಪಾಣಿಯ ಒಣಬಾಯಿ

ಮಾಯವರದ ಸಾರಂಗಪಾಣಿಗೆ ನಾಗಸ್ವರ ಎಷ್ಟು ಪ್ರಾಣವೋ ಎಲೆ-ಅಡಿಕೆ-ಹೊಗೆಸೊಪ್ಪೂ ಅಷ್ಟೇ ಪ್ರಾಣ. ಅವನ ಬಾಯಿವಾಸನೆಯ ಬಗ್ಗೆ ಊರಲ್ಲಿ ಯಾರೂ ತುಟಿ ಪಿಟಕ್ಕೆಂದವರಲ್ಲ. ಒಂದು ಮದುವೆಯಲ್ಲಿ ಮದುಮಗನ ಕಿವಿಯ ಹತ್ತಿರ ನಿಂತು ಊದಿ, ಉಸಿರೆಳೆದು ಬಿಟ್ಟ ನೋಡಿ, ಹುಡುಗ ತಲೆಸುತ್ತಿ ಕೂತುಬಿಟ್ಟ. ಪಾಪ ಉಪವಾಸ, ಅಂದರು ಎಲ್ಲರೂ.

"ಉಪವಾಸವೂ ಇಲ್ಲ, ಮಣ್ಣೂ ಇಲ್ಲ. ನಿಮ್ಮ ಬಾಯಿ ರೀ ಅದು," ಅಂದಳು ಹೆಂಡತಿ ಅಭಯಾಂಬಾಳ್. ಮಾರನೇ ದಿನವೇ ಔಷಧಿ ಅಂಗಡಿಯಿಂದ ಬಾಯಿ ಮುಕ್ಕಳಿಸೋ ನೀಲಿ ಬಾಟಲಿ ತಂದಿಟ್ಟಳು.

ಎಲೆಅಡಿಕೆ ಬಿಡ್ತಾನಾ ಈ ಮಹಾರಾಯ? ಪ್ರತಿ ಸಲ ಜಗಿದುಗಿದ ಮೇಲೂ ಒಂದೊಂದು ಮುಚ್ಚಳ ಮುಕ್ಕಳಿಸತೊಡಗಿದ. ನಾಲಿಗೆ ಧಗಧಗ ಉರಿದರೆ, ಭೇಷ್, ಕೆಲಸ ಮಾಡ್ತಿದೆ ಅಂತ ಹಿಗ್ಗುತ್ತಿದ್ದ. ವಾಸನೆಯೋ, ಬೆಳಿಗ್ಗೆ ಅಡಗಿದ್ದು ಮಧ್ಯಾಹ್ನಕ್ಕೆ ಮತ್ತೆ ಹಾಜರು.

"ರಸಂಗೆ ಉಪ್ಪೇ ಹಾಕಿಲ್ವಲ್ಲೇ."

"ಹಾಕಿದೀನಿ. ನಿಮ್ಮ ನಾಲಿಗೆಯೇ ಸತ್ತಿದೆ."

ನಾಲಿಗೆ ಸಾಯಲಿ, ಆ ನೀಲಿ ನೀರಿಗೆ ಬಾಯಿಯೂ ಒಣಗುತ್ತಾ ಬಂತು. ಅದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ದೇವಸ್ಥಾನದ ಧರ್ಮದರ್ಶಿಯ ಮಗಳ ಮದುವೆ ಬಂತು. ಇಲ್ಲಿ ಚೆನ್ನಾಗಿ ಊದಿದರೆ ದೇವಸ್ಥಾನದ ಓಲಗ ಸಾರಂಗಪಾಣಿಗೆ. ಕೆಟ್ಟರೆ ಅವನ ಎದುರಾಳಿ ಕಲಿಯಪೆರುಮಾಳಿಗೆ. ದೊಡ್ಡ ಮನೆಯ ಮರ್ಯಾದೆ ಅಂತ ಇವನು ಅವತ್ತು ಎರಡೆರಡು ಸಲ ಮುಕ್ಕಳಿಸಿಕೊಂಡು ಹೋದ.

ನಾಗಸ್ವರದ ತುದಿಯ ಜೊಂಡಿನ ಪೀಪಿ ಎಂಜಲಲ್ಲಿ ನೆನೆದರೇ ಸ್ವರ. ಇವನ ಬಾಯಲ್ಲಿ ಎಂಜಲೆಲ್ಲಿದೆ, ಮಣ್ಣಂಗಟ್ಟಿ! ನೀರು ಕುಡಿದ, ಗಳಿಗೆಯಲ್ಲಿ ಮತ್ತೆ ಒಣಗಿತು. ಊದಿದರೆ ಕೀಂಯ್ ಅಂತು.

"ಇದೇನಣ್ಣಾ, ಬಾತುಕೋಳಿ ತುಳಿದ್ರಾ?" ಪಕ್ಕದಲ್ಲಿ ಡೋಲಿನ ಮುರುಗಯ್ಯ ಪಿಸುಗುಟ್ಟಿದ.

ಧರ್ಮದರ್ಶಿ ತಿರುಗಿ ನೋಡಿದ. ಪುರೋಹಿತರು ತಾಳಿಯನ್ನು ಕೈಗೆತ್ತಿಕೊಂಡರು. ಸಾರಂಗಪಾಣಿ ಒಣನಾಲಿಗೆಯಿಂದಲೇ ಪೀಪಿ ಸವರಿದ.

ಎದುರು ಸಾಲಿನಲ್ಲೇ ಕಲಿಯಪೆರುಮಾಳ್ ಕೂತಿದ್ದ. ಊದೋರ ಕಣ್ಣೆದುರು ಹುಣಸೆಹಣ್ಣು ಚೀಪಿದರೆ ಅವರ ಬಾಯಲ್ಲಿ ನೀರು ತುಂಬಿ ವಾದ್ಯ ಕೆಡುತ್ತೆ. ಈ ಕುಲಕಸುಬಿನವರ ಹಳೇ ಕಿತಾಪತಿ ಇದು. ಸತ್ತ ಹಾವನ್ನು ಇನ್ನೊಮ್ಮೆ ಬಡಿಯೋಣ ಅಂತ ಆ ಕಿರಾತಕ ಜೇಬಿಂದ ಉಪ್ಪು-ಮೆಣಸಿನಪುಡಿ ಹಚ್ಚಿದ ಹುಣಸೆ ಉಂಡೆ ತೆಗೆದ. ಲೊಟ್ಟೆ ಹೊಡೆಯುತ್ತಾ ಚೀಪತೊಡಗಿದ.

ಸಾರಂಗಪಾಣಿ ಕಣ್ಣು ಕೀಳದೆ ನೋಡಿದ. ದವಡೆ ಜುಮ್ಮೆಂದಿತು. ನಾಲಿಗೆಯ ಕೆಳಗೆ ಒಂದು ಹನಿ ಒಸರಿತು, ಆಮೇಲೆ ಇನ್ನೊಂದು. ಪೀಪಿ ನೆನೆಯಿತು.

"ಗಟ್ಟಿಮೇಳ! ಗಟ್ಟಿಮೇಳ!"

ಊದಿದ ನೋಡಿ! ಚಪ್ಪರವೇ ನಡುಗಿತು. ಧರ್ಮದರ್ಶಿಯ ಕಣ್ಣು ತುಂಬಿತು. ಕಲಿಯಪೆರುಮಾಳ್ ಉಂಡೆ ಬಾಯಲ್ಲಿಟ್ಟುಕೊಂಡೇ ಪೆಚ್ಚಾದ.

ಊಟವಾದ ಮೇಲೆ ಸಾರಂಗಪಾಣಿ ತನ್ನ ಚೀಲದಿಂದ ನೀಲಿ ಬಾಟಲಿ ತೆಗೆದು, ತಾಂಬೂಲದ ಜೊತೆ ಕಲಿಯಪೆರುಮಾಳನ ಕೈಗಿಟ್ಟ.

"ತಮ್ಮಾ, ನಿನ್ನಿಂದ ನನ್ನ ಮಾನ ಉಳೀತು ಕಣಪ್ಪಾ. ಇದು ನನ್ನ ಕಾಣಿಕೆ. ದಿನಾ ಮುಕ್ಕಳಿಸು. ಕಚೇರಿ ಇರೋ ದಿನವಂತೂ ಮರೀಲೇಬೇಡ."