ತೂಕ ಇಳಿದದ್ದಕ್ಕೊಂದು ಶಾಲು

ಮೊನ್ನೆ ನಮ್ಮ ಮನೆಯವರು ತ್ರಿಫಲಾ ಚೂರ್ಣದ ಡಬ್ಬಿ ತಂದು ಅಡಿಗೆಮನೆಯಲ್ಲೇ ಮುಚ್ಚಳ ತೆಗೆದರು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಹಂಚಿನ ಮೇಲಿನ ರೊಟ್ಟಿ ಸೀದದ್ದು ನನಗೆ ತಿಳಿಯಲಿಲ್ಲ. ರೋಣದ ನಮ್ಮ ಹಳೆಯ ಓಣಿಯಲ್ಲಿ, ಗೋಡೆಗೆ ಗೋಡೆ ಹತ್ತಿದ್ದ ಅಕ್ಕೋರ ಮನೆಯಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ಅಕ್ಕೋರು ಸವಡಿಯ ಶಾಲೆಯಲ್ಲಿ ಕಲಿಸುತ್ತಿದ್ದರು. ನನಗೇನೂ ಕಲಿಸಿದವರಲ್ಲ, ಆದರೆ ಓಣಿಗೆಲ್ಲ ಅವರು ಅಕ್ಕೋರೇ. ಮೈ ಬಹಳ ಭಾರ. ಬಸ್ಸು ಹತ್ತಿದರೆ ಕಂಡಕ್ಟರು, "ಅಕ್ಕೋರ, ಎರಡ ಟಿಕೀಟ ಹರೀಲೇನ್ರಿ?" ಎಂದು ನಗುತ್ತಿದ್ದ. ಅವರೂ ನಗುತ್ತಿದ್ದರು. ನಗದೆ ಏನು ಮಾಡುತ್ತಾರೆ, ದಿನಾ ಅದೇ ಬಸ್ಸಿಗೆ ಹೋಗಬೇಕಲ್ಲ. ನಾವಾದರೂ ಕಡಿಮೆಯೇ? ಹಬ್ಬಕ್ಕೆ ಕರೆದು, ಬೇಡ ಬೇಡ ಎಂದರೂ ಇನ್ನೊಂದು ಹೋಳಿಗೆ ಬಡಿಸುವವರೂ ನಾವೇ. ಅವರು ಹೊಸ್ತಿಲು ದಾಟಿದ ಮೇಲೆ "ಹ್ಯಾಂಗ ಉಣ್ತಾರ ನೋಡ" ಎನ್ನುವವರೂ ನಾವೇ.

ಆಮೇಲೆ ಅವರು ಇಳಿಯತೊಡಗಿದರು. ಕುಪ್ಪಸ ಜೋಲಾಡಿತು, ಬಿಗಿಯಾಗಿ ಕೂತಿದ್ದ ಬಳೆಗಳು ಮೊಣಕೈತನಕ ಜಾರಿದವು. ನಡುವೆ ಒಂದಿಷ್ಟು ದಿನ ಅವರು ಯೋಗ ಶಿಬಿರಕ್ಕೆ ಹೋಗಿದ್ದರು. ಶಿಬಿರದವರು ಆ ಯಶಸ್ಸೆಲ್ಲ ತಮ್ಮದೇ ಎಂದರು. ನಮ್ಮ ಕಡೆ ಒಬ್ಬರಿಗೆ ಶಾಲು ಹೊದಿಸಲು ನೆಪ ಸಿಕ್ಕರೆ ಸಾಕು. ಸಮಾರೋಪದ ದಿನ ಅಕ್ಕೋರನ್ನು ವೇದಿಕೆಗೆ ಕರೆದು, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರು. ಕೈಗೆ ಮೈಕು ಬಂದಾಗ ಅವರು ಇದ್ದದ್ದನ್ನೇ ಹೇಳಿದರು. "ನಾ ಏನೂ ಮಾಡಿಲ್ರಿ. ಊಟ ಸೇರವಲ್ದು, ತಾನ ಇಳ್ಯಾಕತ್ತೈತಿ."

ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು. ನಾನೂ ಅಲ್ಲೇ ಕೂತಿದ್ದೆ. ಬುದ್ಧಿ ತಿಳಿದಾಗಿನಿಂದ ಮೈಯ ಸಲುವಾಗಿ ಚಾಷ್ಟಿ, ಗೇಲಿಯನ್ನೇ ಕೇಳಿದ್ದ ಹೆಣ್ಣುಮಗಳಿಗೆ ಊರು ಮೊದಲ ಸಲ ಚಲೋ ಅಂದಿತ್ತು. ಮನೆ ಮುಟ್ಟುವತನಕ ಅವರು ಹೆಗಲ ಮೇಲಿನ ಶಾಲು ತೆಗೆಯಲಿಲ್ಲ.

ಮುಂದೆ ಕೆಲವೇ ದಿನಗಳಲ್ಲಿ ಅಕ್ಕೋರ ಹೊಟ್ಟೆ ಉಬ್ಬಿ, ವಾಂತಿ ಹತ್ತಿತು; ಅವರ ಯಜಮಾನರು ಹುಬ್ಬಳ್ಳಿಗೆ ಕರೆದೊಯ್ದರು. ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್. ಅದು ಬೆಳೆಯತೊಡಗಿ ಬಹಳ ಕಾಲವಾಗಿದೆ ಎಂದರಂತೆ. ನಾವು ಶಾಲು ಹೊದಿಸಿದ್ದು ಆ ಗಡ್ಡೆಗೆ.

ನೋಡಲು ದವಾಖಾನೆಗೆ ಹೋದಾಗ ಅಕ್ಕೋರು ಎಲ್ಲ ಹೇಳಿದರು. ಸಂಡಾಸಕ್ಕೆ ಹೋದಾಗ ರಕ್ತ ಬೀಳುತ್ತದೆ ಎಂದು ಎಷ್ಟೋ ಮೊದಲೇ, ನಾಚಿಕೆ ನುಂಗಿಕೊಂಡು, ಊರಿನ ಡಾಕ್ಟರ ಮುಂದೆ ಹೇಳಿದ್ದರಂತೆ. ಆ ಪುಣ್ಯಾತ್ಮ ಕುರ್ಚಿ ಬಿಟ್ಟು ಏಳಲಿಲ್ಲ. "ಇಷ್ಟ ಮೈ ಇದ್ರ ಮೂಲವ್ಯಾಧಿ ಆಗದ ಇನ್ನೇನ್ರಿ? ತೂಕ ಇಳಸ್ರಿ, ಎಲ್ಲಾ ಹೋಗ್ತೈತಿ." ಮೊಣಕಾಲು ನೋವಿಗೂ ಏದುಸಿರಿಗೂ ಅದೇ ಮಾತು ಕೇಳಿದ್ದ ಅಕ್ಕೋರು ಇದನ್ನೂ ನಂಬಿದರು. ಚೂರ್ಣ ನುಂಗುತ್ತ ಕೂತರು. ತೂಕ ಇಳಿದಾಗ ರೋಗವೇ ಹೋಗುತ್ತಿದೆ ಎಂದುಕೊಂಡರು.

ಮೈಭಾರ ಇದ್ದವರಿಗೆ ಈ ರೋಗದ ಅಪಾಯ ಹೆಚ್ಚು ಎಂದು ಹುಬ್ಬಳ್ಳಿಯ ಸರ್ಜನ್ನರೂ ಹೇಳಿದರು. ಇರಬಹುದು, ನಾನು ಇಲ್ಲವೆನ್ನುವುದಿಲ್ಲ. ಹಾಗಿದ್ದ ಮೇಲೆ ಭಾರ ಇದ್ದವರನ್ನೇ ಮೊದಲು ಪರೀಕ್ಷೆ ಮಾಡಬೇಕಲ್ಲ? ಅದನ್ನು ಬಿಟ್ಟು ಉಪದೇಶ ಮಾಡಿ ಕಳಿಸಿದರೆ ಅದು ಯಾವ ಸೀಮೆಯ ವೈದ್ಯ?

ಆಪರೇಷನ್ ಕಷ್ಟವಾಯಿತು. ಮೇಲೆ ಸೊರಗಿದಂತೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಇನ್ನೂ ಇತ್ತಂತೆ, ಕೈ ಆಡಿಸಲೂ ಜಾಗವಿರಲಿಲ್ಲವಂತೆ. ಹೊಲಿಗೆಗೆ ಕೀವು ತುಂಬಿ ಗಾಯ ಬಾಯಿಬಿಟ್ಟಿತು. ಗಾಯ ಮಾಯದೆ ಮುಂದಿನ ಔಷಧ ಶುರು ಮಾಡುವಂತಿಲ್ಲ, ಗಾಯ ಮಾಯಲಿಲ್ಲ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಅಂದರು: "ತಂಗಿ, ದಪ್ಪ ಇದ್ದಾಗ ದಪ್ಪ ಅಂತ ನೋಡ್ಲಿಲ್ಲ. ಸಣ್ಣಾದಾಗ ಚಲೋ ಆತಂತ ನೋಡ್ಲಿಲ್ಲ. ಮತ್ತ ನನ್ನ ಯಾವಾಗ ನೋಡವ್ರಿದ್ರು ಇವರು?"

ನಾನು ಮೂಸಂಬಿ ಸುಲಿಯುತ್ತ ಕೂತೆ.

ಅವರು ಹೋದ ದಿನ, ಮಣ್ಣು ಮುಗಿಸಿ ಬಂದವರಲ್ಲಿ ಒಬ್ಬರು ಚರಿಗೆಯ ನೀರಿನಿಂದ ಕೈಕಾಲು ತೊಳೆಯುತ್ತ, "ಕಡೀಕ ಹಗೂರ ಆಗಿದ್ರು, ಹೊರವ್ರಿಗೆ ತ್ರಾಸ ಕೊಡ್ಲಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ಆ ಚರಿಗೆ ಕಸಿದು ಅವರ ತಲೆಗೆ ಕುಕ್ಕಬೇಕೆನಿಸಿತು.

ಹೋದ ವಾರ ಯಾವಗಲ್ ಊರಿಗೆ ಲಗ್ನಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದಲ್ಲಿ ಗುರುತಿನ ಹೆಣ್ಣುಮಗಳು. ಮೊದಲು ಮೈ ತುಂಬಿಕೊಂಡಿದ್ದವಳು ಈಗ ಅರ್ಧ ಆಗಿದ್ದಳು. ಎಲ್ಲರೂ ಅವಳನ್ನು ಹೊಗಳುತ್ತಿದ್ದರು. ನಾನು ಕೇಳಿಯೇಬಿಟ್ಟೆ: "ಸಂಡಾಸದಾಗ ರಕ್ತ ಬೀಳ್ತೈತೇನವಾ?" ಸುತ್ತಲಿನವರ ಕೈ ಬಾಯಿಯ ಹತ್ತಿರವೇ ನಿಂತಿತು. ಉಣ್ಣುವ ಹೊತ್ತಿನಲ್ಲಿ ಇದೆಂಥ ಮಾತು ಎಂದು ನಮ್ಮ ಮನೆಯವರು ದಾರಿಯುದ್ದಕ್ಕೂ ಬೈದರು. ಬೈಯಲಿ. ಅಕ್ಕೋರನ್ನು ಈ ಮಾತು ಕೇಳಲು ಓಣಿಯಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ, ಈಗ ಕೇಳೋಣವೆಂದರೆ ಅವರಿಲ್ಲ.