ಬೀಗದಕ್ಕನ ಮೂರು ಕೋಣೆಗಳು

ದೃಷ್ಟಿಹೀನರ ಪುಸ್ತಕ ಕೇಂದ್ರದಲ್ಲಿ ಆಕೆಯನ್ನು ಎಲ್ಲರೂ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಮುದ್ರಣ ವಿಭಾಗದ ಗುಮಾಸ್ತೆ, ಇಟ್ಟದ್ದು ಪ್ರೀತಿಯಿಂದಲ್ಲ. ಅದಕ್ಕೆ ಮೊದಲು ಹನ್ನೆರಡು ವರ್ಷ ಬೀಗದಕ್ಕ ಬರಿಯ ರಿಪೇರಿಯವಳಾಗಿದ್ದಳು. ಕೇಂದ್ರವೂ ಸೇರಿ ಇಲಾಖೆಯ ಮೂವತ್ತೊಂದು ಕಚೇರಿ, ಮುನ್ನೂರ ನಲವತ್ತು ಕಂಪ್ಯೂಟರು, ಒಂದೊಂದಕ್ಕೂ ಒಂದೊಂದು ಕಾಯಿಲೆ. ಒಬ್ಬರು ಆಟ ತುಂಬಿ ಕೆಡಿಸಿದರೆ, ಇನ್ನೊಬ್ಬರು ಜಾಗ ಸಾಲದೆಂದು ಕಂಡಕಂಡ ಕಡತಗಳನ್ನು ಅಳಿಸಿ ಕೆಡಿಸುತ್ತಿದ್ದರು. ಬೆಳಿಗ್ಗೆ ಎಬ್ಬಿಸಿ ಬಂದ ಯಂತ್ರ ಸಂಜೆಗೆ ಮತ್ತೆ ಮಲಗಿರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂಥ ಕೆಲಸ.

ಹದಿಮೂರನೆಯ ವರ್ಷ ಆಕೆ ನಿರ್ದೇಶಕರ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಇಲಾಖೆಗೆಂದೇ ಒಂದು ಆಪರೇಟಿಂಗ್ ಸಿಸ್ಟಂ ರೂಪಿಸಬೇಕು, ಬಳಸುವವರು ತಿಪ್ಪರಲಾಗ ಹಾಕಿದರೂ ಅದು ಕೆಡಬಾರದು ಎಂಬುದು ಪ್ರಸ್ತಾಪ. ಹಾಳೆಯಲ್ಲಿ ಡಿಸ್ಕನ್ನು ಮೂರು ಕೋಣೆಗಳಾಗಿ ಗೀಚಿದ್ದಳು. ಎಡಗೋಣೆ, ಬಲಗೋಣೆ ಎರಡೂ ಸಿಸ್ಟಂಗೆ, ಎರಡಕ್ಕೂ ಬೀಗ. ಯಂತ್ರ ಒಂದು ಕೋಣೆಯಲ್ಲಿ ನಡೆಯುತ್ತಿರುವಾಗ ಅದರೊಳಗಿನ ಒಂದಕ್ಷರವನ್ನೂ ಯಾರೂ, ಸ್ವತಃ ಆಕೆಯೂ, ಬದಲಿಸುವಂತಿಲ್ಲ. ಹೊಸ ಆವೃತ್ತಿ ಬಂದರೆ ಅದು ಪಕ್ಕದ ಕೋಣೆಯಲ್ಲಿದ್ದುದನ್ನು ಗುಡಿಸಿ ಹಾಕಿ ಅಲ್ಲಿ ಇಳಿಯುತ್ತದೆ. ಮರುಚಾಲನೆಯಾದಾಗ ಯಂತ್ರ ಆ ಕೋಣೆಯಲ್ಲಿ ಕಣ್ಣುಬಿಡುತ್ತದೆ. ಅಲ್ಲಿ ಎಡವಿದರೆ ಹಳೆಯ ಕೋಣೆ ಇದ್ದೇ ಇದೆ. ಮೂರನೆಯದು ಬಳಸುವವರ ಕೋಣೆ. ಅವರ ಬರಹ, ಅವರ ಆಯ್ಕೆ, ಅವರ ಕಸ ಎಲ್ಲ ಅಲ್ಲಿ; ಸಿಸ್ಟಂ ಅದನ್ನು ಮುಟ್ಟುವುದಿಲ್ಲ.

"ಅಂದ್ರೆ ಬೇಕಾದಾಗ ಹಿಂದಕ್ಕೆ ಹೋಗ್ಬಹುದು?" ನಿರ್ದೇಶಕರು ಕೇಳಿದರು.

"ಒಂದು ಹೆಜ್ಜೆ ಸರ್. ಎರಡು ಹೆಜ್ಜೆ ಆಗಲ್ಲ. ಇರೋದೇ ಎರಡು ಕೋಣೆ."

"ಸಾಕು ಬಿಡಮ್ಮ. ಈ ಇಲಾಖೇಲಿ ಮುಂದಕ್ಕೆ ಒಂದು ಹೆಜ್ಜೆ ಇಟ್ಟೋರನ್ನೇ ನಾನು ನೋಡಿಲ್ಲ."

ಬೀಗ ಹಾಕುವುದು ಕಷ್ಟವಾಗಲಿಲ್ಲ. ಯಾವುದು ಸಿಸ್ಟಂನದು, ಯಾವುದು ಮನುಷ್ಯರದು ಎಂದು ಪಾಲು ಮಾಡುವುದು ಕಷ್ಟವಾಯಿತು. ಅಕ್ಷರ ವಿನ್ಯಾಸ ಯಾರ ಪಾಲು? ಪ್ರಿಂಟರಿನ ಹೊಂದಿಕೆ? ಸಿಸ್ಟಂನ ಪಾಲಿಗೆ ಬಿದ್ದದ್ದು ಪ್ರತಿ ಹೊಸ ಆವೃತ್ತಿಯೊಂದಿಗೆ ಹೊಸದಾಗುತ್ತದೆ; ಮನುಷ್ಯರ ಪಾಲಿನದು ಉಳಿಯುತ್ತದೆ. ಆದ್ದರಿಂದ ಆಕೆ ಒಂದು ನಮೂನೆ ಅಚ್ಚು ಹಾಕಿಸಿ ನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ಅಲೆದಳು. ‘ನಿಮ್ಮ ಕಂಪ್ಯೂಟರಿನಲ್ಲಿ ನೀವೇ ಬದಲಾಯಿಸಿಕೊಂಡದ್ದು ಏನೇನು?’ ಎಂಬುದು ಅದರ ಮೊದಲ ಪ್ರಶ್ನೆ.

"ಗಂಡನ್ನೇ ಬದಲಾಯಿಸೋಕೆ ಆಗ್ಲಿಲ್ಲ ಬೀಗದಕ್ಕ, ಇನ್ನು ಕಂಪ್ಯೂಟರ್‌ನ ಏನ್ ಬದಲಾಯಿಸ್ಲಿ?" ಎಂದಳು ಗುಮಾಸ್ತೆ. ಅದನ್ನೂ ಆಕೆ ‘ಏನೂ ಇಲ್ಲ’ ಎಂಬ ಕಲಮಿನಲ್ಲಿ ಬರೆದುಕೊಂಡಳು. ಒಟ್ಟು ಮುನ್ನೂರ ಮೂವತ್ತೊಂಬತ್ತು ನಮೂನೆಗಳು ತುಂಬಿದವು.

ನಮೂನೆ ಹೋಗದೆ ಉಳಿದದ್ದು ಒಬ್ಬರ ಬಳಿಗೆ ಮಾತ್ರ. ಅವರು ಆಕೆಯ ಅಕ್ಕನ ಗಂಡ. ಆರನೆಯ ವಯಸ್ಸಿನಲ್ಲಿ ಜ್ವರಕ್ಕೆ ಕಣ್ಣು ಕಳೆದುಕೊಂಡ ಭಾವ ಅದೇ ಕೇಂದ್ರದಲ್ಲಿ ಕರಡು ತಿದ್ದುವವರು. ಪಾಲಿಟೆಕ್ನಿಕ್ ಮುಗಿಸಿ ಮನೆಯಲ್ಲಿ ಕೂತಿದ್ದ ನಾದಿನಿಯ ಪರವಾಗಿ ಮಾತಾಡಿ ಆಕೆಗೆ ಕೆಲಸ ಕೊಡಿಸಿದವರೂ ಅವರೇ. ತಾಯಿ ತೀರಿಕೊಂಡ ಮೇಲೆ ಆಕೆ ಇದ್ದದ್ದು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ, ಊಟ ಮೂವರಿಗೂ ಒಂದೇ ಮೇಜಿನಲ್ಲಿ. "ಏನ್ ನಾದಿನಿ, ಇವತ್ತು ಎಷ್ಟು ಹೆಣಕ್ಕೆ ಜೀವ ಬರಿಸ್ದೆ?" ಎಂದು ಭಾವ ದಿನವೂ ಕೇಳುವರು. "ನಿಮ್ಮನ್ನ ಬಿಟ್ಟು ಎಲ್ಲರಿಗೂ ಬಂತು ಭಾವ" ಎಂದು ಆಕೆ ಹೇಳುವಳು.

ಭಾವನ ಕೆಲಸ ಕಿವಿಯದು. ಅಚ್ಚಿಗೆ ಹೋಗುವ ಪಠ್ಯವನ್ನು ಕಂಪ್ಯೂಟರಿನ ದನಿ ಓದುತ್ತದೆ. ಅದು ತಪ್ಪಾಗಿ ಓದಿದ ಕಡೆ ಅವರು ನಿಲ್ಲಿಸಿ, ಬ್ರೈಲ್ ಹಾಳೆಯ ಮೇಲೆ ಬೆರಳಾಡಿಸಿ ತಪ್ಪು ಹಿಡಿಯುತ್ತಾರೆ. ಆದರೆ ಆ ದನಿಗೆ ಭಾಷೆಯೇ ಸರಿಯಾಗಿ ಬರುತ್ತಿರಲಿಲ್ಲ. ಫಲದ ‘ಫ’ವನ್ನು ಫ್ಯಾನಿನ ‘ಫ’ದಂತೆ ಊದುತ್ತಿತ್ತು. ‘ಕಿ.ಮೀ.’ ಬಂದರೆ ವಾಕ್ಯ ಮುಗಿಯಿತೆಂದು ಎರಡು ಸಲ ನಿಲ್ಲುತ್ತಿತ್ತು. ತಪ್ಪು ಪಠ್ಯದ್ದೋ ದನಿಯದೋ ತಿಳಿಯದೆ ಅವರು ಪುಟಕ್ಕೆ ಇಪ್ಪತ್ತು ಕಡೆ ನಿಲ್ಲಬೇಕಾಗಿತ್ತು. ಒಂಬತ್ತು ವರ್ಷದ ಹಿಂದೆ ಒಂದು ರಜೆಯ ದಿನ ಆಕೆಯೇ ಕುಳಿತು ಅವರಿಗೊಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ದನಿ ಎಡವಿದ ಪದವನ್ನು ಹೇಗೆ ಓದಬೇಕೆಂದು ಒಂದು ಸಲ ಹೇಳಿಕೊಟ್ಟರೆ ಸಾಕು, ಅದು ಉಚ್ಚಾರಣೆಯ ಪಟ್ಟಿಗೆ ಸೇರುತ್ತಿತ್ತು. ಭಾವ ದಿನಕ್ಕೆ ಎರಡು, ಮೂರು, ಒಮ್ಮೊಮ್ಮೆ ಹತ್ತು ಪದ ಸೇರಿಸುತ್ತ ಹೋದರು. ಏಳು ಸಾವಿರ ದಾಟಿದಾಗ ಮನೆಯಲ್ಲಿ ಸಿಹಿ ಹಂಚಿದ್ದರು. ದಿನಕ್ಕೆ ಹದಿನೆಂಟು ಪುಟ ಮುಗಿಸುತ್ತಿದ್ದವರು ಅರವತ್ತು ಮುಗಿಸತೊಡಗಿದರು. ಕಣ್ಣಿರುವ ಇಬ್ಬರು ಕರಡು ತಿದ್ದುವವರ ಪಕ್ಕದಲ್ಲಿ ಅವರ ಕುರ್ಚಿ ಭದ್ರವಾಗಿ ನಿಂತದ್ದು ಆ ಅರವತ್ತು ಪುಟಗಳ ಮೇಲೆ.

ಭಾವನ ಯಂತ್ರದಲ್ಲಿ ಏನಿದೆಯೆಂದು ತನಗಿಂತ ಚೆನ್ನಾಗಿ ಬಲ್ಲವರು ಯಾರು ಎಂದುಕೊಂಡು ಆಕೆ ಅವರ ನಮೂನೆಯನ್ನು ತಾನೇ ತುಂಬಿದಳು. ‘ಏನೂ ಇಲ್ಲ.’ ಆ ಪಟ್ಟಿಯನ್ನು ತನ್ನ ಪ್ರೋಗ್ರಾಂ ದನಿಯ ಕಡತಗಳ ಜೊತೆಗೇ, ಸಿಸ್ಟಂನ ಒಳಗೇ ಇಡುತ್ತಿತ್ತೆಂಬುದು ಆಕೆಗೆ ಮರೆತೇಹೋಗಿತ್ತು. ದೀಪದ ಬುಡದಲ್ಲಿ ಕತ್ತಲೆ.

ಒಂದು ಸೋಮವಾರ ಬದಲಾವಣೆ ನಡೆಯಿತು. ಹಳೆಯ ಸಿಸ್ಟಂ ಇದ್ದ ಹಾಗೆ ಎಡಗೋಣೆಯಲ್ಲಿ ಉಳಿಯಿತು; ಹೊಸದು ಬಲಗೋಣೆಯಲ್ಲಿ ಎದ್ದಿತು. ಮುನ್ನೂರ ನಲವತ್ತು ಯಂತ್ರಗಳಲ್ಲಿ ಒಂದೂ ಮಲಗಲಿಲ್ಲ. ಮಂಗಳವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಭಾವ ತಟ್ಟೆ ಮುಟ್ಟದೆ ಕೂತಿದ್ದರು.

"ಅದು ಮತ್ತೆ ಒಂದನೇ ಕ್ಲಾಸಿನ ಮಗು ಓದ್ದಂಗೆ ಓದ್ತಾ ಇದೆ ಕಣಮ್ಮ. ನಿನ್ನೆ ಹನ್ನೊಂದು ಪುಟ ಆಯ್ತು, ಅಷ್ಟೇ."

"ನಿಮ್ಮ ಕಡೇದು ಒಂದೂ ಹೋಗಲ್ಲ ಭಾವ. ಹೋಗೋ ಹಾಗೇ ಇಲ್ಲ, ಅದಕ್ಕೇ ಅಲ್ವಾ ಇಷ್ಟು ಒದ್ದಾಡಿದ್ದು? ಏನೋ ಗುಂಡಿ ಒತ್ತಿರ್ತೀರಿ."

"ಒಂಬತ್ತು ವರ್ಷದಲ್ಲಿ ಒತ್ತದೇ ಇದ್ದೋನು ನಿನ್ನೆ ಒತ್ತಿದ್ನಾ?"

"ಹೊಸದು ಅಂದ್ರೆ ಎಲ್ಲರಿಗೂ ಹಂಗೇ ಅನ್ಸುತ್ತೆ. ನಾಲ್ಕು ದಿನ ನೋಡಿ."

ಅಕ್ಕ ನಕ್ಕಳು. "ಹೋಗ್ಲಿ ಬಿಡಿ, ಅವಳು ಕಟ್ಟಿದ್ದಕ್ಕೆ ಹೆಸರಿಡೋದು ಹೆತ್ತೋಳಿಗೆ ಮಗು ಕಪ್ಪು ಅಂದಂಗೆ."

ಗುರುವಾರ ಬೆಳಿಗ್ಗೆ ನಲವತ್ತು ಕಡೆಗಳಿಂದ ಪ್ರಿಂಟರ್ ಅಂಚು ಕತ್ತರಿಸುತ್ತದೆಂಬ ದೂರು ಬಂತು. ಸಣ್ಣ ದೋಷ. ಆಕೆ ಒಂದು ಗಂಟೆಯಲ್ಲಿ ಸರಿಪಡಿಸಿ, ಹೆಮ್ಮೆಯಿಂದಲೇ, ಎರಡನೆಯ ಆವೃತ್ತಿಯನ್ನು ಎಲ್ಲ ಯಂತ್ರಗಳಿಗೂ ಕಳಿಸಿದಳು. ಅದು ನಿಯಮದಂತೆ ಪಕ್ಕದ ಕೋಣೆಗೆ, ಎಂದರೆ ಎಡಗೋಣೆಗೆ, ಇಳಿಯಿತು.

ಶುಕ್ರವಾರ ಭಾವ ಗೋಡೆ ಹಿಡಿದುಕೊಂಡು ಆಕೆಯ ವಿಭಾಗಕ್ಕೇ ಬಂದರು. "ನಾನು ಹೇಳೋದು ಬೇಡ. ನೀನೇ ಕೇಳು" ಎಂದರು. ಆಕೆ ಅವರ ಮೇಜಿಗೆ ಹೋಗಿ ಒಂದು ಪುಟ ಓದಿಸಿದಳು. ಎರಡನೆಯ ಸಾಲಿನಲ್ಲೇ ದನಿ ‘ಫಲ’ವನ್ನು ಊದಿತು. ಉಚ್ಚಾರಣೆಯ ಪಟ್ಟಿ ತೆರೆದಳು. ತಯಾರಕರು ಕೊಟ್ಟಿದ್ದ ನೂರ ಹನ್ನೆರಡು ಪದಗಳಿದ್ದವು. ಆಗ ಆಕೆಗೆ ಆ ರಜೆಯ ದಿನ ನೆನಪಾಯಿತು. ಎಡಗೋಣೆ ನೋಡಿದಳು: ಗುರುವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಪೂರ್ತಿ ಹೊಸತಾಗಿತ್ತು. ದಿನವೂ ತೆಗೆಯುವ ನಕಲು ನೋಡಿದಳು. ಸಿಸ್ಟಂ ಎಲ್ಲ ಕಡೆಯೂ ಒಂದೇ, ಅದಕ್ಕೆ ನಕಲು ದಂಡ ಎಂದು ಬರೆದವಳೂ ಆಕೆಯೇ. ಮೂರನೆಯ ಕೋಣೆಯದಷ್ಟೇ ಇತ್ತು.

"ಮಂಗಳವಾರ ಇತ್ತಾ?" ಭಾವ ಕೇಳಿದರು.

"ಇತ್ತು."

"ಬುಧವಾರ?"

"ಇತ್ತು ಭಾವ."

ಆಕೆ ಪಟ್ಟಿಯಲ್ಲಿ ಒಂದು ಖಾಲಿ ಸಾಲು ತೆರೆದಳು. "ದಿನಾ ಸಂಜೆ ನಾನು ಕೂತ್ಕೋತೀನಿ. ನೀವು ಪದ ಹೇಳಿ, ನಾನು ಸೇರಿಸ್ತೀನಿ."

"ಯಾವ ಪದ ಅಂತ ನೆನಪಿದ್ದಿದ್ರೆ ಅದಕ್ಕೆ ಯಾಕೆ ಕಲಿಸ್ತಿದ್ದೆ? ಅದು ಎಡವಿದಾಗ ತಾನೇ ನಂಗೆ ಗೊತ್ತಾಗ್ತಿದ್ದಿದ್ದು. ಮತ್ತೆ ಒಂಬತ್ತು ವರ್ಷ ಎಡವಬೇಕು. ನಂಗೆ ಕೆಲಸ ಉಳಿದಿರೋದು ಆರು."

ಮೂರು ವಾರ ಅವರು ದಿನಕ್ಕೆ ಹದಿನೆಂಟು ಪುಟ ದಾಟಲಿಲ್ಲ. ನಿರ್ದೇಶಕರು ಕೆಟ್ಟವರಲ್ಲ; ಮರ್ಯಾದೆಯಿಂದಲೇ ಅವರನ್ನು ದೂರವಾಣಿ ಮೇಜಿಗೆ ಹಾಕಿದರು. ಆ ದಿನ ಅಕ್ಕ ಮಹಡಿಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು:

"ಊರೆಲ್ಲ ತಿರುಗಿ ಕೇಳಿದ್ಯಂತೆ. ಎದುರಿಗೆ ಕೂತು ಉಣ್ತಿದ್ದೋರನ್ನ ಒಂದು ಮಾತು ಕೇಳೋಕೆ ನಾಲಿಗೆ ಬರಲಿಲ್ವೇನೇ? ಹೋಗ್ಲಿ, ಅವರೇ ಬಾಯಿಬಿಟ್ಟು ಹೇಳಿದ್ರಲ್ಲ, ಆಗ್ಲಾದ್ರೂ ನಿನ್ನ ಬೀಗಕ್ಕಿಂತ ಅವರ ಮಾತು ದೊಡ್ಡದು ಅನ್ನಿಸ್ಲಿಲ್ವಾ?"

ತಿಂಗಳೊಪ್ಪತ್ತಿನಲ್ಲಿ ಆಕೆ ಬೇರೆ ಮನೆ ಹಿಡಿದಳು. ಬೇಡವೆಂದು ಯಾರೂ ತಡೆಯಲಿಲ್ಲ.

ವರ್ಷದ ಕೊನೆಗೆ ಆಕೆಗೆ ಬಡ್ತಿಯಾಗಿ ಇಲಾಖೆಯ ಮುಖ್ಯ ಕಚೇರಿಗೆ ವರ್ಗವಾಯಿತು. ಹೊಸ ಸಿಸ್ಟಂನ ವರದಿಯಲ್ಲಿ ‘ಬಳಕೆದಾರರ ಮಾಹಿತಿ ನಷ್ಟ: ಶೂನ್ಯ’ ಎಂದಿದೆ. ಸುಳ್ಳು ಬರೆದವರಿಲ್ಲ, ಆ ಪಟ್ಟಿ ಲೆಕ್ಕಕ್ಕೆ ಸಿಸ್ಟಂನದು, ತಿಂಡಿಯ ಮೇಜಿನಲ್ಲಿ ಹೇಳಿದ ದೂರಿಗೆ ನೋಂದಣಿ ಸಂಖ್ಯೆ ಇರುವುದಿಲ್ಲ. ಮೂರನೆಯ ಆವೃತ್ತಿಯಲ್ಲಿ ಆಕೆ ಬಳಸುವವರ ಕೋಣೆಯೊಳಗೆ ‘ಉಚ್ಚಾರಣೆ’ ಎಂಬ ಕಪಾಟೊಂದನ್ನು ಸೇರಿಸಿದಳು. ಮುನ್ನೂರ ನಲವತ್ತು ಯಂತ್ರಗಳಲ್ಲೂ ಅದು ಖಾಲಿ.

ಪುಸ್ತಕ ಕೇಂದ್ರಕ್ಕೆ ಆಕೆ ವಾರಕ್ಕೆರಡು ಸಲವಾದರೂ ಫೋನ್ ಮಾಡಲೇಬೇಕು. ಗುಮಾಸ್ತೆ ಹೇಳುವ ಪ್ರಕಾರ ದೂರವಾಣಿ ಮೇಜಿನವರ ಕಿವಿ ಭಾರಿ ಚುರುಕು, ಆ ಕಡೆಯವರು ಕೆಮ್ಮಿದರೆ ಸಾಕು, "ಏನಮ್ಮ, ಇನ್ನೂ ಶೀತ ಬಿಟ್ಟಿಲ್ವಾ?" ಎಂದು ವಿಚಾರಿಸುತ್ತಾರೆ. ಬೀಗದಕ್ಕ "ಹಲೋ" ಎಂದಾಗ ಮಾತ್ರ ಅವರು ಕೇಳುತ್ತಾರೆ:

"ಯಾರು ಮಾತಾಡ್ತಿರೋದು?"

ಮೊದಮೊದಲು ಆಕೆ "ನಾನು, ಭಾವ" ಎನ್ನುತ್ತಿದ್ದಳು. ಅವರು ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಕೇಳುತ್ತಿದ್ದರು. ಈಗ ಆಕೆ ತನ್ನ ಹುದ್ದೆ ಹೇಳುತ್ತಾಳೆ, ಬೇಕಾದ ವಿಭಾಗ ಹೇಳುತ್ತಾಳೆ. ಭಾವ ತಡಮಾಡದೆ ಜೋಡಿಸಿ ಕೊಡುತ್ತಾರೆ.