ತಂಗಳು ಪಿಜ್ಜಾ ಮತ್ತು ಅತ್ತೆಯ ಕಾವಲಿ

ಉಳಿದ ಪಿಜ್ಜಾ ಬಿಸಿ ಮಾಡುವ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಸ್ವಲ್ಪ ಎಂದದ್ದು ನನ್ನ ಮರ್ಯಾದೆಗೆ. ಮನೆಯವರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಉಳಿದದ್ದಕ್ಕೆಲ್ಲ ಒಂದು ಗತಿ ಇದೆ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಇಡ್ಲಿಯನ್ನು ಪುಡಿಮಾಡಿ ಒಗ್ಗರಣೆ ಕೊಟ್ಟರೆ ಉಪ್ಪಿಟ್ಟಾಗುತ್ತದೆ. ಹುಳಿಯಂತೂ ಏನೂ ಮಾಡದೆಯೇ ಮರುದಿನ ಇನ್ನಷ್ಟು ರುಚಿಯಾಗುತ್ತದೆ. ಪಿಜ್ಜಾ ಒಂದಕ್ಕೇ ಎರಡನೆಯ ದಿನವೆಂಬುದಿಲ್ಲ. ಮೈಕ್ರೊವೇವಿನಲ್ಲಿಟ್ಟರೆ ಮೊದಲು ಒದ್ದೆ ಬಟ್ಟೆ, ಎರಡು ನಿಮಿಷ ಬಿಟ್ಟರೆ ಹವಾಯಿ ಚಪ್ಪಲಿ. ಇದನ್ನು ಗೆಲ್ಲದೆ ಬಿಡುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ.

ಆ ಸೋಮವಾರ ಬ್ಯಾಂಕಿಗೆ ರಜೆ. ಹಿಂದಿನ ದಿನ ಮಗನ ಗೆಳೆಯರು ತಿಂದು ಬಿಟ್ಟ ಮೂರು ತುಂಡು ಫ್ರಿಜ್ಜಿನಲ್ಲಿದ್ದವು. ಅತ್ತೆ ಕೆಂಗೇರಿಯ ಮಗಳ ಮನೆಗೆ ಹೋಗಿದ್ದರು, ಶನಿವಾರ ಬರುವವರಿದ್ದರು. ಒಲೆಯ ಪಕ್ಕದ ಮೊಳೆಯಲ್ಲಿ ಅವರ ದೋಸೆ ಕಾವಲಿ ತೂಗುತ್ತಿತ್ತು.

ಈ ಕಾವಲಿಯ ಬಗ್ಗೆ ಹೇಳಲೇಬೇಕು. ಅತ್ತೆ ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಕೊಂಡ ದಪ್ಪ ಕಬ್ಬಿಣದ ಕಾವಲಿ ಅದು. ಅದರ ಮೇಲೆ ಚಪಾತಿ ಬೇಯಿಸುವಂತಿಲ್ಲ, ಸೋಪು ಸೋಕಿಸುವಂತಿಲ್ಲ, ಪಕ್ಕದ ಮನೆಯವರು ಕೇಳಿದರೆ ಕೊಡುವಂತಿಲ್ಲ. ದೋಸೆ ಬಿಟ್ಟು ಬೇರೇನು ಹಾಕಿದರೂ ಮರುದಿನ ದೋಸೆ ಏಳುವುದಿಲ್ಲ. ಬ್ಯಾಂಕಿನ ತಿಜೋರಿಯ ಬೀಗದ ಕೈಯನ್ನು ನನ್ನನ್ನು ನಂಬಿ ಕೊಟ್ಟಿದ್ದಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅತ್ತೆ ಭಾನುವಾರದ ದೋಸೆಯನ್ನು ನಂಬಿ ಕೊಟ್ಟಿರಲಿಲ್ಲ. ನಗುತ್ತಾ ಹೇಳುತ್ತಿದ್ದೇನೆ, ಆದರೆ ಒಳಗೊಳಗೇ ನನಗೆ ಬೇಸರವಿತ್ತು.

ಬೇಸರವೋ ಹಠವೋ, ಕಾವಲಿ ಇಳಿಸಿದೆ. ಸಣ್ಣ ಉರಿ, ಮೇಲೊಂದು ತಟ್ಟೆ, ಪಕ್ಕದಲ್ಲಿ ನಾಲ್ಕು ಹನಿ ನೀರು. ಮೊದಲ ತುಂಡು ಎಷ್ಟು ಚೆನ್ನಾಗಿ ಬಂತೆಂದರೆ, ತಳ ಗರಿಗರಿ, ಮೇಲೆ ಚೀಸು ಕರಗಿ ಮೆತ್ತಗೆ. ನಿಂತಲ್ಲೇ ತಿಂದು ಮುಗಿಸಿದೆ. ಗೆದ್ದವರಿಗೆ ಬುದ್ಧಿ ಕಡಿಮೆಯಾಗುತ್ತದೆ. ಉಳಿದೆರಡನ್ನೂ ಒಟ್ಟಿಗೆ ಹಾಕಿ ಫೋನಿನಲ್ಲಿ ಅಕ್ಕನಿಗೆ ನನ್ನ ಸಾಧನೆ ವರ್ಣಿಸುತ್ತಾ ನಿಂತೆ. ತಿರುಗಿ ನೋಡುವಷ್ಟರಲ್ಲಿ ಚೀಸು ಇಳಿದು ಕಾವಲಿಗೆ ಕಚ್ಚಿಕೊಂಡಿತ್ತು. ಕೆರೆದೆ. ಚೀಸಿನ ಜೊತೆ ಐವತ್ತು ವರ್ಷದ ಕಪ್ಪು ಹೊಳಪೂ ಎದ್ದು ಬಂತು. ಗಾಬರಿಯಲ್ಲಿ ಮಾಡಬಾರದ್ದನ್ನೂ ಮಾಡಿದೆ, ಸೋಪು ಹಾಕಿ ಉಜ್ಜಿದೆ.

ಸಂಜೆ ಹಿಟ್ಟು ರುಬ್ಬಿ ಮರುದಿನ ದೋಸೆ ಹಾಕಿ ನೋಡಿದೆ. ಏಳಲಿಲ್ಲ. ಶನಿವಾರದೊಳಗೆ ಈ ಕಾವಲಿಯನ್ನು ಪಳಗಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟೆ. ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮುಂಚೆ, ಸಂಜೆ ಚಪ್ಪಲಿ ಬಿಟ್ಟ ತಕ್ಷಣ, ಎಣ್ಣೆ ಸವರು, ಕಾಯಿಸು, ಅರ್ಧ ಈರುಳ್ಳಿಯಿಂದ ತಿಕ್ಕು, ದೋಸೆ ಹಾಕು. ಹರಿದ ದೋಸೆಗಳನ್ನು ಮನೆಯವರಿಗೆ ಚಮಚದಲ್ಲಿ ಬಡಿಸಿದೆ. ಬುಧವಾರ ಮಗ ಕೇಳಿಯೇ ಬಿಟ್ಟ: "ಅಮ್ಮಾ, ಇದು ದೋಸೇನಾ, ಉಪ್ಪಿಟ್ಟಾ?" ನಮ್ಮ ಯಜಮಾನರು ತಲೆ ಎತ್ತದೆ ತಿಂದರು, ಅನುಭವಸ್ಥರು. ಗುರುವಾರ ಅಂಚು ಎದ್ದಿತು. ಶುಕ್ರವಾರ ಒಂದು ಇಡೀ ದೋಸೆ ಎದ್ದಿತು. ನನಗೆ ಕಣ್ಣಲ್ಲಿ ನೀರೇ ಬಂತು.

ಭಾನುವಾರ ಅತ್ತೆ ಎಂದಿನಂತೆ ಒಲೆಯ ಮುಂದೆ ನಿಂತರು. ಮೊದಲ ದೋಸೆ ನಡುವಿನಲ್ಲಿ ಹಿಡಿದುಕೊಂಡಿತು. ಅವರು ಕಾವಲಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಏನ್ ಹಾಕಿದ್ದೆ ಇದ್ರ ಮೇಲೆ?"

"ಪಿಜ್ಜಾ, ಅತ್ತೆ. ಆಮೇಲೆ... ಸೋಪೂ ಹಾಕ್ಬಿಟ್ಟೆ."

ಸೋಪು ಎಂದಾಗ ಕಣ್ಣು ಮುಚ್ಚಿಕೊಂಡರು. ಈರುಳ್ಳಿ, ಎಣ್ಣೆ, ನಾಲ್ಕು ದಿನದ ದೋಸೆ, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಪಿಜ್ಜಾ ಎದ್ದಿತ್ತಾ?"

"ಮೊದಲನೇದು ಎದ್ದಿತ್ತು. ಗರಿಗರಿಯಾಗಿತ್ತು."

ಅತ್ತೆ ದೋಸೆ ಮೊಗಚುವ ಸಟ್ಟುಗವನ್ನು ನನ್ನ ಕಡೆ ಚಾಚಿದರು. "ನಾಲ್ಕ್ ದಿನದಿಂದ ಅದು ನಿನ್ ಕೈಗೆ ಒಗ್ಗಿದೆ. ಇನ್ ನನ್ ಮಾತೆಲ್ಲಿ ಕೇಳತ್ತೆ? ನೀನೇ ಹಾಕು." ಹೇಳಿ, ಸೆರಗಿಗೆ ಕೈ ಒರೆಸಿಕೊಂಡು, ಹೋಗಿ ಮೊಮ್ಮಗನ ಪಕ್ಕ ಕುರ್ಚಿಯಲ್ಲಿ ಕೂತರು. ಭಾನುವಾರದ ತಿಂಡಿಗೆ ಅವರು ಎಲ್ಲರ ಜೊತೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಇಷ್ಟು ವರ್ಷವೂ ಎಲ್ಲರಿಗೂ ಹಾಕಿ ಮುಗಿದ ಮೇಲೆ, ಮೊದಲು ಹರಿದಿದ್ದನ್ನೂ ಕೊನೆಗೆ ಉಳಿದದ್ದನ್ನೂ ಒಲೆ ಆರಿಸಿ, ತಣ್ಣಗಾದ ಮೇಲೆ ನಿಂತುಕೊಂಡೇ ತಿನ್ನುತ್ತಿದ್ದರು.

ನಾನು ಹಿಟ್ಟು ಹುಯ್ದೆ. ದೋಸೆ ಇಡಿಯಾಗಿ ಎದ್ದಿತು. ಓಡಿಹೋಗಿ ಅವರ ತಟ್ಟೆಗೆ ಹಾಕಿದೆ. ಅತ್ತೆ ಮುರಿಯಲು ಹೋಗಿ ಥಟ್ಟನೆ ಬೆರಳು ಹಿಂದಕ್ಕೆಳೆದುಕೊಂಡು ಉಫ್ ಎಂದು ಊದಿದರು.

"ಅಯ್ಯೋ," ಎಂದರು ನನ್ನ ಮುಖ ನೋಡಿ, "ದೋಸೆ ಇಷ್ಟು ಬಿಸಿ ಇರತ್ತೇನೇ?"